ಹಲಗೆಯ ಮೇಲೆ ಒಂದು ವಾರ

ಕೆಲಸವಿಲ್ಲದೆ ಕೂತವರನ್ನು ಕಂಡರೆ ನೊಣ ಹೊಡೆಯುತ್ತಿದ್ದಾರೆ ಎಂದು ಜನ ಆಡಿಕೊಳ್ಳುತ್ತಾರೆ. ನೊಣ ಸಾಕುವುದನ್ನೇ ಕೆಲಸ ಮಾಡಿಕೊಂಡವರ ಬಗ್ಗೆ ಮಾತ್ರ ಯಾರೂ ಏನೂ ಹೇಳಿಲ್ಲ. ಹೇಳುವಂಥದ್ದು ಏನಿದೆ ಅನ್ನಿಸಿರಬೇಕು. ಆದರೆ ನಮ್ಮ ನೊಣದಕ್ಕ ಇಪ್ಪತ್ತನಾಲ್ಕು ವರ್ಷ ಅದೇ ಕೆಲಸ ಮಾಡಿದವಳು. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವಳಿಗೂ ಇತ್ತು, ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದು ಕಾಣುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಗೇಟು ಕಾಯುವವನಿಂದ ಹಿಡಿದು ಎಲ್ಲರಿಗೂ ಯಜಮಾನರಾದ ಮೇಷ್ಟ್ರವರೆಗೆ ಅವಳು ಎಲ್ಲರಿಗೂ ನೊಣದಕ್ಕ.

ಅವಳು ಸಾಕುತ್ತಿದ್ದದ್ದು ಮಾಗಿದ ಬಾಳೆಹಣ್ಣಿನ ಸುತ್ತ ಹಾರಾಡುತ್ತವಲ್ಲ, ಆ ಸಣ್ಣ ಹಣ್ಣುನೊಣಗಳನ್ನು. ಸೋಮವಾರ ದೊಡ್ಡ ಪಾತ್ರೆಯಲ್ಲಿ ಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಹಾಕಿ ಅವುಗಳ ಗಂಜಿ ಕಾಯಿಸಬೇಕು. ತಳ ಹಿಡಿಯದ ಹಾಗೆ ತಿರುವುತ್ತಾ ಇರಬೇಕು. ಮಂಗಳವಾರ ಹಳೆಯ ಸೀಸೆಗಳಿಂದ ಹೊಸ ಸೀಸೆಗಳಿಗೆ ನೊಣಗಳನ್ನು ವರ್ಗ ಮಾಡಿ, ಹತ್ತಿಯಿಂದ ಬಾಯಿ ಮುಚ್ಚಿ, ಮೇಲೆ ಚೀಟಿ ಬರೆದು ಅಂಟಿಸಬೇಕು. ಉಳಿದ ದಿನಗಳಲ್ಲಿ ಮರಿಹುಳುಗಳನ್ನು ಎರಡು ಚಿಮಟದಲ್ಲಿ ಹಿಡಿದು ಮೆಲ್ಲಗೆ ಎಳೆದು ಅವುಗಳ ಮಿದುಳನ್ನು ಗಾಜಿನ ಮೇಲೆ ಬಿಡಿಸಿ ಇಡುವ ಕೆಲಸ. ಆ ಕೈಚಳಕ ಅವಳಿಗೆ ಸಿದ್ಧಿಸಿದ ಹಾಗೆ ದೊಡ್ಡ ದೊಡ್ಡ ಪದವಿ ಪಡೆದವರಿಗೂ ಸಿದ್ಧಿಸಿರಲಿಲ್ಲ. ಅವರು ಎಳೆದರೆ ಮಿದುಳು ಚಿಂದಿ, ಇವಳು ಎಳೆದರೆ ಇಡಿಯಾಗಿ ಬರುತ್ತಿತ್ತು.

ಮೇಷ್ಟ್ರ ಕೆಲಸ ಜೀನುಗಳನ್ನು ಹುಡುಕುವುದು. ಒಂದು ಜೀವಕೋಶ ಎರಡಾಗುವಾಗ ಯಾವ ಯಾವ ಜೀನು ಏನೇನು ಮಾಡುತ್ತದೆ ಎಂಬುದೇ ಅವರಿಗೆ ಜೀವಮಾನದ ಪ್ರಶ್ನೆ. ಅದನ್ನು ಕಂಡುಹಿಡಿಯುವ ದಾರಿ ಕೇಳಲಿಕ್ಕೆ ಸ್ವಲ್ಪ ಕ್ರೂರವೇ. ನೊಣಗಳ ಜೀನನ್ನು ಒಂದೊಂದಾಗಿ ಕೆಡಿಸುತ್ತಾ ಹೋಗುವುದು, ಕೆಟ್ಟ ಮೇಲೆ ಏನು ಎಡವಟ್ಟಾಗುತ್ತದೆ ನೋಡುವುದು. ಹೆಸರಿಡುವುದೂ ಆ ಎಡವಟ್ಟಿನ ಮೇಲೆಯೇ. ಕಣ್ಣಿಗೆ ಕೆಂಪು ಬಣ್ಣ ತುಂಬುವ ಜೀನು ಒಂದಿದೆ, ಅದು ಕೆಟ್ಟರೆ ಕಣ್ಣು ಬೆಳ್ಳಗಾಗುತ್ತದೆ. ಹಾಗಾಗಿ ನೊಣದವರ ಲೋಕದಲ್ಲಿ ಅದರ ಹೆಸರು ಬಿಳಿ. ಮಾಡಿದ ಒಳ್ಳೆಯದಕ್ಕೆ ಹೆಸರಿಲ್ಲ, ಕೈಕೊಟ್ಟಿದ್ದಕ್ಕೆ ಹೆಸರು. ಮನುಷ್ಯರ ಲೋಕವೂ ಹೆಚ್ಚುಕಡಿಮೆ ಹೀಗೇ ನಡೆಯುವುದರಿಂದ ನೊಣದಕ್ಕನಿಗೆ ಇದೇನೂ ವಿಚಿತ್ರ ಅನ್ನಿಸಿರಲಿಲ್ಲ.

ಆ ಪ್ರಯೋಗಾಲಯಕ್ಕೆ ಅದರದೇ ಆದ ಇನ್ನೊಂದು ಪದ್ಧತಿ ಇತ್ತು. ಎಡವಟ್ಟನ್ನು ಮೊದಲು ಕಂಡವರು ಯಾರೋ ಅವರೇ ಹೆಸರಿಡಬೇಕು, ಅವರು ಪಾತ್ರೆ ತೊಳೆಯುವವರಾದರೂ ಸರಿ. ಆ ಹೆಸರನ್ನು ಚಹಾ ಮೇಜಿನ ಪಕ್ಕದ ಕರಿಹಲಗೆಯ ಮೇಲೆ ಬರೆದು ಒಂದು ವಾರ ಬಿಡುತ್ತಿದ್ದರು. ಯಾರಿಗಾದರೂ ಅದು ಒಪ್ಪಿಗೆಯಾಗದಿದ್ದರೆ ವಾರದೊಳಗೆ ಒರೆಸಿಬಿಡಬಹುದು. ಒರೆಸಿದ್ದು ಯಾರು, ಯಾಕೆ ಎಂದು ಯಾರೂ ಕೇಳುವಂತಿಲ್ಲ. ಹೊಸ ಹೆಸರು ಇಟ್ಟರಾಯಿತು. ಹಿಂದೊಮ್ಮೆ ಯಾರೋ ಒಂದು ಜೀನಿಗೆ 'ಬೋಳು' ಎಂದು ಇಟ್ಟಾಗ ಮರುದಿನ ಬೆಳಗ್ಗೆ ಹಲಗೆ ಖಾಲಿಯಾಗಿತ್ತು. ಒರೆಸಿದ್ದು ಯಾರೆಂದು ಇವತ್ತಿಗೂ ಗೊತ್ತಿಲ್ಲ, ಆದರೆ ಅವತ್ತು ಮೇಷ್ಟ್ರ ಕೋಟಿನ ತೋಳಿಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು, ತಲೆ ಎಂದಿನಂತೆ ಫಳಫಳ ಹೊಳೆಯುತ್ತಿತ್ತು.

ಇಂಥ ನಗುವಿನ ಜಾಗದಲ್ಲಿ ನೊಣದಕ್ಕನಿಗೆ ಒಬ್ಬಳು ತಂಗಿ ಇದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ.

ತಂಗಿ ನಾಲ್ಕು ವರ್ಷಕ್ಕೆ ಚಿಕ್ಕವಳು. ಅಮ್ಮ ಅವಳನ್ನು ಬಂಗಾರಿ ಎಂದು ಕರೆಯುತ್ತಿದ್ದಳು. ಹುಟ್ಟುವಾಗಲೇ ಬಂಗಾರಿಯ ತಲೆ ಚಿಕ್ಕದು, ಬೆಳೆದ ಮೇಲೂ ಚಿಕ್ಕದಾಗಿಯೇ ಉಳಿಯಿತು. ಮೈ ನಲವತ್ತು ದಾಟಿದ ಹೆಂಗಸಿನದು, ತಲೆ ಮಾತ್ರ ಎರಡು ವರ್ಷದ ಕೂಸಿನದು. ಮಾತು ಸ್ವಲ್ಪ ತಡೆದು ತಡೆದು ಬರುತ್ತಿತ್ತು. ಹತ್ತರ ಮೇಲೆ ಎಣಿಕೆ ಬರುತ್ತಿರಲಿಲ್ಲ. ಆದರೆ ಪಕ್ಕದ ಮನೆಯ ಟೈಲರಮ್ಮನ ಅಂಗಡಿಯಲ್ಲಿ ಹಗಲೆಲ್ಲ ಕೂತು ಗುಂಡಿಗಳನ್ನು ಬಣ್ಣಕ್ಕೆ ಬಣ್ಣ, ಅಳತೆಗೆ ಅಳತೆ ಬೇರೆ ಮಾಡಿ ಡಬ್ಬಿಗೆ ಹಾಕುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ. ಜೊತೆಗೆ ಕಂಡದ್ದಕ್ಕೆಲ್ಲ ಹೆಸರಿಡುವ ಹುಚ್ಚು. ಮನೆಯ ಕೆಟಲ್ಲು ಸಿಡುಕಮ್ಮ, ಏಳನೇ ನಂಬರಿನ ಬಸ್ಸು ಕುಂಟಣ್ಣ, ನಾಲ್ಕು ತೂತಿನ ದೊಡ್ಡ ಗುಂಡಿ ಯಜಮಾನ್ರು.

ಅವಳಿಗೆ ಹೊರಗಿನವರು ಇಟ್ಟ ಹೆಸರೂ ಒಂದಿತ್ತು. ಆ ಹೆಸರು ಹುಟ್ಟಿದ ದಿನ ನೊಣದಕ್ಕ ಅಲ್ಲೇ ಇದ್ದಳು, ಹತ್ತು ವರ್ಷದವಳು. ಮರೆತುಹೋದ ಊಟದ ಡಬ್ಬಿ ಕೊಡಲು ಅಮ್ಮ ಶಾಲೆಯ ಗೇಟಿಗೆ ಬಂದಿದ್ದಳು, ಆರು ವರ್ಷದ ಬಂಗಾರಿ ಅಮ್ಮನ ಕೈ ಬಿಡಿಸಿಕೊಂಡು "ಅಕ್ಕಾ" ಎಂದು ಓಡಿಬಂದು ಇವಳ ಸೊಂಟ ತಬ್ಬಿಕೊಂಡಳು. ಗೆಳತಿಯೊಬ್ಬಳು, "ಅಯ್ಯೋ, ಇದ್ಯಾವುದೇ ಇದು, ತಲೆ ನೋಡು ಸಾಸಿವೆಕಾಳು!" ಅಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನೊಣದಕ್ಕ. ನಕ್ಕು, ತಂಗಿಯ ಕೈಗಳನ್ನು ಸೊಂಟದಿಂದ ಬಿಡಿಸಿದಳು.

ಅಲ್ಲಿಂದ ಸಾಸಿವೆ ಬೀದಿಗೆ ಬಂತು. ಮಕ್ಕಳು ಕೂಗಿದರು, ಆಮೇಲೆ ಸೀಮೆಸುಣ್ಣದಲ್ಲಿ ಇವರ ಮನೆಯ ಗೇಟಿನ ಮೇಲೆ ಬರೆದರು. ಅಮ್ಮ ಜಗಳಕ್ಕೆ ಹೋಗುವವಳಲ್ಲ. ಒದ್ದೆ ಬಟ್ಟೆ ತಂದು ಒರೆಸುತ್ತಿದ್ದಳು. ಅವರು ಮತ್ತೆ ಬರೆದರೆ ಇವಳು ಮತ್ತೆ ಒರೆಸುತ್ತಿದ್ದಳು, ಒಲೆಯ ಮೇಲೆ ಹಾಲು ಉಕ್ಕಿದರೂ ಸರಿಯೇ, ಮೊದಲು ಗೇಟು. ಬಂಗಾರಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಶಾಲೆಗೆ ಹೋಗದ ಅವಳಿಗೆ ಓದಲು ಬರುತ್ತಿದ್ದದ್ದು ಮೂರೇ ಅಕ್ಷರ, ಆ ಮೂರನ್ನು ಅವಳು ಗೇಟಿನ ಮೇಲೆ ಕಲಿತಳು. ಅಕ್ಕ ಕುಲಾವಿ ಹೆಣೆದು ಕೊಟ್ಟ ಮೇಲೆ ಅದನ್ನು ಹಾಕಿಕೊಳ್ಳದೆ ಬೀದಿಗೆ ಇಳಿಯುತ್ತಿರಲಿಲ್ಲ. ಮನೆಯೊಳಗೆ ಮತ್ತು ಟೈಲರಮ್ಮನ ಮುಂದೆ ಮಾತ್ರ ತೆಗೆಯುತ್ತಿದ್ದಳು.

ಒಮ್ಮೆ ನೊಣದಕ್ಕನ ಮದುವೆಯ ಮಾತು ಬಂದು, ಗಂಡಿನ ಕಡೆಯವರು ಬಂಗಾರಿಯನ್ನು ಕಂಡು, ಮತ್ತೆ ಆ ಕಡೆ ಸುಳಿಯಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಕೆಲಸಕ್ಕೆ ಅರ್ಜಿ ಹಾಕಿದಾಗ ಮನೆಯಲ್ಲಿ ಯಾರ್‍ಯಾರಿದ್ದೀರಿ ಎಂಬ ಜಾಗದಲ್ಲಿ ಅವಳು 'ತಾಯಿ' ಎಂದಷ್ಟೇ ಬರೆದಳು. ಒಂದು ದಿನ ಮುಚ್ಚಿಟ್ಟರೆ ಎರಡನೇ ದಿನ ಹೇಳುವುದು ಕಷ್ಟ. ಹತ್ತು ವರ್ಷ ಮುಚ್ಚಿಟ್ಟ ಮೇಲೆ ಯಾವ ಬಾಯಲ್ಲಿ ಹೇಳುವುದು? ಅಮ್ಮ ತೀರಿಕೊಂಡಾಗಲೂ ಮೇಷ್ಟ್ರು, "ಇನ್ನು ಒಬ್ಬರೇ ಆದ್ರಲ್ಲ ಅಕ್ಕ" ಅಂದರು. ಅವಳು ಹೂಂ ಅಂದಳು.

ಅಮ್ಮ ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದಳು. ಬಂಗಾರಿ ಹೊಟ್ಟೆಯಲ್ಲಿದ್ದಾಗ ಜ್ವರ ಬಂದಿತ್ತಂತೆ, ಔಷಧಿ ಅಂಗಡಿಯಲ್ಲಿ ಕೇಳಿ ಒಂದು ಮಾತ್ರೆ ನುಂಗಿದ್ದಳಂತೆ. "ಆ ಒಂದು ಮಾತ್ರೆ ಕಣೇ. ನಾನೇ ನನ್ನ ಕೈಯಾರೆ" ಎನ್ನುತ್ತಿದ್ದಳು.

ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಮೇಲೆ ಒಂದು ಬುಧವಾರ ನೊಣದಕ್ಕ ಆರುನೂರಾ ಹದಿನಾಲ್ಕನೇ ಸೀಸೆಯ ಮರಿಹುಳುಗಳನ್ನು ಬಿಡಿಸುತ್ತಿದ್ದಳು. ಆ ಸೀಸೆಯನ್ನು ಇಬ್ಬರು ಆಗಲೇ ನೋಡಿ 'ವಿಶೇಷವೇನಿಲ್ಲ' ಎಂದು ಬರೆದಿಟ್ಟಿದ್ದರು. ಇವಳು ಮೊದಲನೇ ಮಿದುಳು ಬಿಡಿಸಿದ ಕೂಡಲೇ ಚಿಮಟ ಕೆಳಗಿಟ್ಟಳು. ಮೈಕ್ರೋಸ್ಕೋಪಿನಲ್ಲಿ ಎರಡು ಪುಟ್ಟ ಉಂಡೆಗಳು, ಆಕಾರದಲ್ಲಿ ಏನೂ ಊನವಿಲ್ಲ, ಬರೀ ಚಿಕ್ಕವು. ಬೇರೆಯವರು ಹುಳುವೇ ಚಿಕ್ಕದಿರಬೇಕು ಅಂದುಕೊಂಡಿದ್ದರು. ಆದರೆ ಚಿಕ್ಕ ಮೈಯ ಚಿಕ್ಕ ತಲೆಗೂ, ಸರಿಯಾದ ಮೈಯ ಮೇಲಿನ ಚಿಕ್ಕ ತಲೆಗೂ ವ್ಯತ್ಯಾಸ ಏನೆಂದು ನಲವತ್ತು ವರ್ಷ ಒಂದು ತಲೆಯನ್ನು ಬಾಚಿದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಹೋಗಿ ಮೇಷ್ಟ್ರನ್ನು ಕರೆದಳು.

ಮುಂದಿನ ಎಂಟು ತಿಂಗಳು ಪ್ರಯೋಗಾಲಯದಲ್ಲಿ ಬೇರೆ ಮಾತೇ ಇರಲಿಲ್ಲ. ಅಲ್ಲಿನ ಹಿರಿಯ ಸಂಶೋಧಕಿ ಒಬ್ಬಳಿದ್ದಳು, ಬಾಯಿ ಮುಚ್ಚಿದ್ದನ್ನು ಯಾರೂ ಕಂಡವರಿಲ್ಲವಾದ್ದರಿಂದ ಎಲ್ಲರಿಗೂ ಮಾತಿನಮಲ್ಲಿ. ಕೆಟ್ಟಿದ್ದು ಯಾವ ಜೀನೆಂದು ಅವಳು ಹಟ ಹಿಡಿದು ಹುಡುಕಿದಳು. ಅದುವರೆಗೆ ಯಾರಿಗೂ ಗೊತ್ತಿಲ್ಲದ ಜೀನು ಅದು. ಮೇಷ್ಟ್ರು ಎಲ್ಲರನ್ನೂ ಚಹಾ ಮೇಜಿಗೆ ಕರೆದು ತಮ್ಮ ಶೂ ಲೇಸು ಬಿಚ್ಚಿ ಹಿಡಿದುಕೊಂಡು ವಿವರಿಸಿದರು.

"ನೋಡಿ, ಒಂದು ಕೋಶ ಎರಡಾಗ್ಬೇಕಾದ್ರೆ ಒಳಗಿರೋ ವರ್ಣತಂತುಗಳು ಸಮಪಾಲಾಗ್ಬೇಕು. ಈ ಕಡೆಯಿಂದ ಒಂದಷ್ಟು ಎಳೆ, ಆ ಕಡೆಯಿಂದ ಒಂದಷ್ಟು ಎಳೆ ಬಂದು ಜಗ್ಗುತ್ವೆ. ಜಗ್ಗೋ ಎಳೆಗಳನ್ನ ತುದೀಲಿ ಗಟ್ಟಿಯಾಗಿ ಹಿಡ್ಕೊಳ್ಳೋಕೆ ಒಂದು ಗೂಟ ಬೇಕಲ್ಲ? ಆ ಗೂಟನೇ ಈ ಜೀನು ಮಾಡೋದು. ಗೂಟ ಸಡಿಲ ಆದ್ರೆ ಎಳೆ ಸಡಿಲ, ಪಾಲಾಗೋದು ತಡ. ಮಿದುಳಿನ ತಾಯಿಕೋಶಗಳು ಅರ್ಧ ದಾರೀಲೇ ಸೋತು ಕೈಬಿಡುತ್ವೆ. ಇರಬೇಕಾದಷ್ಟು ಕೋಶ ಹುಟ್ಟೋದೇ ಇಲ್ಲ. ಮಿದುಳು ಅಷ್ಟಕ್ಕೇ ನಿಂತುಬಿಡುತ್ತೆ. ಅಷ್ಟೇ ವಿಷಯ."

ಅಷ್ಟೇ ವಿಷಯ. ನೊಣದಕ್ಕ ತನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಈಗ ಅಕ್ಕ ಹೆಸರು ಹೇಳ್ಬೇಕು. ಕಂಡಿದ್ದು ಅವರು" ಎಂದು ಮೇಷ್ಟ್ರು ಅಂದರು.

ಹನ್ನೆರಡು ಜನ ಅವಳ ಮುಖವನ್ನೇ ನೋಡುತ್ತಿದ್ದರು, ಅವಳ ಜನ್ಮದಲ್ಲಿ ಒಟ್ಟಿಗೆ ಅಷ್ಟು ಜನ ಅವಳ ಮಾತಿಗೆ ಕಾದಿದ್ದಿಲ್ಲ.

ಮಾತಿನಮಲ್ಲಿ ನೆರವಿಗೆ ಬಂದಳು. "ಯೋಚ್ನೆ ಮಾಡ್ಬೇಡಿ ಅಕ್ಕ. ಅವತ್ತು ಮೊದಲು ನೋಡ್ದಾಗ ಏನನ್ನಿಸ್ತು? ಹೇಗಿತ್ತು ಅದು?"

"ಸಾಸಿವೆ..." ಅಂದುಬಿಟ್ಟಳು ನೊಣದಕ್ಕ. ಯಾವ ಮೂಲೆಯಲ್ಲಿ ಕೂತಿತ್ತೋ, ನಲವತ್ತು ವರ್ಷ ಹಳೆಯ ಮಾತು ತಾನಾಗಿ ನಾಲಗೆಯ ಮೇಲೆ ಬಂದಿತ್ತು. "ಸಾಸಿವೆಕಾಳಿನ ಥರ ಇತ್ತು" ಎಂದು ಸಣ್ಣ ದನಿಯಲ್ಲಿ ಮುಗಿಸಿದಳು.

ಮೇಜಿಗೆ ಮೇಜೇ ಚಪ್ಪಾಳೆ ತಟ್ಟಿತು. ಎಷ್ಟು ಮುದ್ದಾದ ಹೆಸರು, ಎಷ್ಟು ಚೊಕ್ಕ, ಇಂಥ ಹೆಸರು ನಮಗ್ಯಾರಿಗೂ ಹೊಳೆಯುತ್ತಿರಲಿಲ್ಲ! ಮಾತಿನಮಲ್ಲಿ ಹಲಗೆಯ ಮೇಲೆ ದೊಡ್ಡದಾಗಿ 'ಸಾಸಿವೆ' ಎಂದು ಬರೆದು ಪಕ್ಕದಲ್ಲಿ ಒಂದು ಕಾಳಿನ ಚಿತ್ರವನ್ನೂ ಬಿಡಿಸಿದಳು.

ಅವತ್ತು ಸಂಜೆ ಬಂಗಾರಿ ಬಾಗಿಲಲ್ಲೇ ಕಾಯುತ್ತಿದ್ದಳು. ಎಂಟು ತಿಂಗಳಿಂದ ಹೊಸ ಜೀನಿನ ಕಥೆಯನ್ನು ನೊಣದ ಕಥೆಯಾಗಿ ಕೇಳುತ್ತಾ ಬಂದಿದ್ದವಳು ಅವಳು. ಹೆಸರಿಡುವ ವಿಷಯವೆಂದರೆ ಅವಳಿಗೆ ಕೇಳಬೇಕೆ?

"ಏನ್ ಹೆಸರಿಟ್ರಿ? ಏನಿಟ್ರಿ ಅಕ್ಕಾ?"

ನೊಣದಕ್ಕ ಚಪ್ಪಲಿ ಬಿಡಲು ಬಗ್ಗಿದಳು. ಬಗ್ಗಿದಲ್ಲೇ ಹೇಳಿದಳು, "ಬಂಗಾರಿ ಅಂತ ಇಟ್ವಿ."

ಬಂಗಾರಿಯ ಮುಖ ಅರಳಿತು. ಅವಳು ಕುಲಾವಿಯನ್ನೂ ಮರೆತು ಬೀದಿಗಿಳಿದು ಟೈಲರಮ್ಮನ ಅಂಗಡಿಗೆ ಓಡಿದಳು. "ನನ್ ಹೆಸ್ರಿನ ನೊಣ ಇದೆ! ಅಕ್ಕನ ಆಫೀಸಲ್ಲಿ ನನ್ ಹೆಸ್ರು ಇಟ್ರು!" ಎಂದು ಕೂಗುವುದು ಇಲ್ಲಿಗೆ ಕೇಳಿಸುತ್ತಿತ್ತು. ಟೈಲರಮ್ಮ ಹೊಲಿಗೆ ಮಿಷನ್ ನಿಲ್ಲಿಸಿ, "ಹೌದೇನೇ! ಇನ್ನು ನಮ್ಮನ್ನೆಲ್ಲ ಮಾತಾಡಿಸ್ತೀಯೋ ಇಲ್ವೋ" ಎಂದು ನಗುತ್ತಿದ್ದದ್ದೂ ಕೇಳಿಸಿತು. ನೊಣದಕ್ಕ ಬಾಗಿಲಲ್ಲೇ ಕೂತುಬಿಟ್ಟಳು.

ಒಂದು ವಾರ ಸಮಯವಿತ್ತು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆಯುವವಳು ಅವಳೇ, ಹಲಗೆಯ ಉಳಿದ ಭಾಗವನ್ನು ದಿನಾ ಒರೆಸಿ ಚೊಕ್ಕ ಮಾಡುವವಳೂ ಅವಳೇ. ಗುರುವಾರ ಆ ಮೂರಕ್ಷರದ ಸುತ್ತ ಒರೆಸಿದಳು. ಶುಕ್ರವಾರವೂ ಸುತ್ತ ಒರೆಸಿದಳು. ಒರೆಸಿದರೆ ಯಾರೂ ಯಾಕೆಂದು ಕೇಳುವುದಿಲ್ಲ, ನಿಜ. ಆದರೆ ಹೆಸರು ಹೇಳಿದವಳು ತಾನು, ಎಲ್ಲರೂ ಮೆಚ್ಚಿದ್ದಾರೆ, ತಾನಲ್ಲದೆ ಇನ್ನಾರು ಒರೆಸಿಯಾರು? ಬಾಯಿಬಿಟ್ಟು ಕೇಳದಿದ್ದರೂ ಹನ್ನೆರಡು ಜೊತೆ ಕಣ್ಣು ಕೇಳುತ್ತವೆ. ಒಂದು ಕಾರಣ ಹೇಳಬೇಕಾಗುತ್ತದೆ, ಕಾರಣ ಹೇಳಿದರೆ ತಂಗಿ ಇದ್ದಾಳೆಂದು ಹೇಳಬೇಕಾಗುತ್ತದೆ, ಹತ್ತೊಂಬತ್ತು ವರ್ಷ ಯಾಕೆ ಹೇಳಲಿಲ್ಲ ಎಂದು ಹೇಳಬೇಕಾಗುತ್ತದೆ.

ಇದಿಷ್ಟೇ ಆಗಿದ್ದರೆ ಅವಳನ್ನು ಕ್ಷಮಿಸಬಹುದಿತ್ತೇನೋ. ಇನ್ನೊಂದೂ ಇತ್ತು. ಆ ವಾರವೆಲ್ಲ ಜನ ಅವಳನ್ನು ಎದುರಾದಾಗ ನಿಲ್ಲಿಸಿ ಮಾತಾಡಿಸಿದರು. ಈ ಜೀನಿನ ಬಗ್ಗೆ ಬರೆಯುವ ಲೇಖನದಲ್ಲಿ ಅವಳ ನಿಜವಾದ ಹೆಸರು, ಆ ಹಾಜರಿ ಪುಸ್ತಕದ ಹೆಸರು ಅಚ್ಚಾಗುತ್ತದೆ ಎಂದು ಮೇಷ್ಟ್ರು ಹೇಳಿದರು. ಅವಳಿಗೆ ಅದು ಹಿತವಾಗಿತ್ತು. ಸುಳ್ಳೇಕೆ, ಬಹಳ ಹಿತವಾಗಿತ್ತು.

ಕೊನೆಯ ದಿನ ಬೆಳಗ್ಗೆ ಅವಳು ಗಟ್ಟಿ ಮನಸ್ಸು ಮಾಡಿ ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಂಡು ಹಲಗೆಯ ಮುಂದೆ ನಿಂತಳು. ಕೈ ಇನ್ನೇನು ಮೇಲೇಳಬೇಕು, ಹಿಂದಿನಿಂದ ಮಾತಿನಮಲ್ಲಿ ಬಂದಳು.

"ಹಾ, ಅಕ್ಕ, ಹಾಗೇ ನಿಂತ್ಕೊಳ್ಳಿ! ನಿಮ್ದೂ ಸಾಸಿವೇದೂ ಒಂದು ಫೋಟೋ ತೆಗೀತೀನಿ. ಸ್ವಲ್ಪ ನಗ್ರೀ, ಏನು ಗಂಟು ಕಳ್ಕೊಂಡೋರ ಥರ."

ನೊಣದಕ್ಕ ನಕ್ಕಳು. ಮಾತಿನಮಲ್ಲಿ ಹೋಗಲಿಲ್ಲ, ಚಹಾ ಮಾಡಿಕೊಂಡು ಅಲ್ಲೇ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಮಧ್ಯಾಹ್ನ ಲೇಖನದ ಜೊತೆ ಹೆಸರು ವಿಜ್ಞಾನ ಪತ್ರಿಕೆಗೆ ಹೋಯಿತು. ತಿಂಗಳ ಮೇಲೆ ಆ ಫೋಟೋಕ್ಕೆ ಕಟ್ಟು ಹಾಕಿಸಿ ನೊಣದ ಕೋಣೆಯ ಹೊರಗೋಡೆಗೆ ತೂಗುಹಾಕಿದರು. ಮಂಗಳವಾರದ ಮಂಗಳವಾರ ಸೀಸೆಗಳ ಚೀಟಿಯ ಮೇಲೆ ಆ ಹೆಸರನ್ನು ಬರೆದು ಬರೆದು ಅವಳ ಕೈ ಅದಕ್ಕೆ ಒಗ್ಗಿಹೋಯಿತು.

ಐದು ವರ್ಷ ಕಳೆಯಿತು. ಅದೇ ಜೀನು ಮನುಷ್ಯರಲ್ಲೂ ಇದೆಯೆಂದು ಯಾರೋ ಎಲ್ಲೋ ಕಂಡುಹಿಡಿದರು. ಚಿಕ್ಕ ತಲೆಯ ಮಕ್ಕಳಿರುವ ಮನೆಯವರು ರಕ್ತ ಕೊಟ್ಟರೆ ಪರೀಕ್ಷೆ ಮಾಡಿ ಕಾರಣ ಹೇಳುತ್ತೇವೆಂದು ದೊಡ್ಡಾಸ್ಪತ್ರೆಯವರ ಪ್ರಕಟಣೆ ಪ್ರಯೋಗಾಲಯದ ಬಾಗಿಲಿಗೂ ಬಂತು. ನೊಣದಕ್ಕ ಅದನ್ನು ಮೂರು ದಿನ ಓದಿದಳು. ಅವಳಿಗೆ ಬೇಕಿದ್ದದ್ದು ಒಂದೇ, ಅಮ್ಮನ ಆ ಮಾತ್ರೆಯ ಲೆಕ್ಕ ತೀರಬೇಕಿತ್ತು. ಪ್ರಯೋಗಾಲಯದಲ್ಲಿ ಯಾರಿಗೂ ಹೇಳದೆ ರಜೆ ಹಾಕಿ ಬಂಗಾರಿಯನ್ನು ಕರೆದುಕೊಂಡು ಕುಂಟಣ್ಣ ಬಸ್ಸು ಹತ್ತಿದಳು.

ಆಸ್ಪತ್ರೆಯ ಡಾಕ್ಟರಮ್ಮ ಒಳ್ಳೆಯವಳು. ತಲೆಯ ಅಳತೆ ತೆಗೆಯುವಾಗ ಕುಲಾವಿಯನ್ನು ತಾನಾಗಿ ಮುಟ್ಟಲಿಲ್ಲ. "ಎಷ್ಟು ಚೆನ್ನಾಗಿದೆ ಇದ್ರ ಗುಂಡಿ" ಎಂದಳು, "ಅದು ರಾಣಿ" ಎಂದು ಬಂಗಾರಿ ತಾನೇ ಕುಲಾವಿ ತೆಗೆದು ಅವಳ ಕೈಗೆ ಕೊಟ್ಟಳು. ಎರಡು ತಿಂಗಳ ಮೇಲೆ ಫಲಿತಾಂಶ ಕೇಳಲು ಹೋದಾಗಲಂತೂ ಬಾಗಿಲು ದಾಟುತ್ತಿದ್ದಂತೆಯೇ ಕುಲಾವಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಹಾಯಾಗಿ ಕೂತಳು.

ಡಾಕ್ಟರಮ್ಮ ಕಾಗದ ಬಿಡಿಸಿದಳು. "ಕಾರಣ ಸಿಕ್ಕಿದೆ. ನಿಮ್ಮ ತಂದೆಯಿಂದ ಒಂದು, ತಾಯಿಯಿಂದ ಒಂದು, ಒಂದೇ ಜೀನಿನ ಕೆಟ್ಟ ಪ್ರತಿ ಎರಡೂ ಇವರಿಗೇ ಬಂದಿದೆ. ನಿಮಗೂ ಒಂದು ಬಂದಿರಬಹುದು, ಒಂದೇ ಇದ್ರೆ ಏನೂ ಆಗಲ್ಲ."

"ಒಂದು ಮಾತ್ರೆ..." ನೊಣದಕ್ಕ ಕುರ್ಚಿಯ ಅಂಚಿಗೆ ಸರಿದಳು. "ಬಸುರಿಯಾಗಿದ್ದಾಗ ಅಮ್ಮ ಒಂದು ಜ್ವರದ ಮಾತ್ರೆ ತಗೊಂಡಿದ್ರು."

"ಮಾತ್ರೆಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ನಿಮ್ಮಮ್ಮ ಯಾವ ತಪ್ಪೂ ಮಾಡಿಲ್ಲ."

ನೊಣದಕ್ಕನ ಕಣ್ಣು ತುಂಬಿ ಬಂತು. ಈ ಮಾತನ್ನು ಕೇಳಬೇಕಾದವಳು ಮಣ್ಣಿಗೆ ಹೋಗಿ ಆಗಲೇ ಒಂಬತ್ತು ವರ್ಷ. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾಗ ಡಾಕ್ಟರಮ್ಮ ಸಮಾಧಾನದ ದನಿಯಲ್ಲಿ ಬಂಗಾರಿಯ ಕಡೆ ತಿರುಗಿದಳು.

"ಈ ಜೀನಿನ ಹೆಸರು ಕೇಳಿದ್ರೆ ನಿಮಗೆ ಖುಷಿಯಾಗುತ್ತೆ. ಮೊದಲು ನೊಣದಲ್ಲಿ ಸಿಕ್ಕಿದ್ದಂತೆ. ಸಾಸಿವೆ ಅಂತ. ಯಾರಿಟ್ರೋ, ಮುದ್ದಾಗಿದೆ ಅಲ್ವಾ?"

ಬಂಗಾರಿ ಡಾಕ್ಟರಮ್ಮನ ಮುಖ ನೋಡಿದಳು. ಆಮೇಲೆ ಅಕ್ಕನ ಮುಖ ನೋಡಿದಳು. ತೊಡೆಯ ಮೇಲಿದ್ದ ಕುಲಾವಿಯನ್ನು ಎತ್ತಿ ತಲೆಗೆ ಹಾಕಿಕೊಂಡು, ಎರಡೂ ಕೈಯಿಂದ ಕಿವಿಯ ಕೆಳಗಿನವರೆಗೂ ಎಳೆದುಕೊಂಡಳು.

"ಇವ್ರಿಗೂ ಗೊತ್ತಾಯ್ತಾ ಅಕ್ಕಾ?" ಎಂದು ಕೇಳಿದಳು.

ಮನೆಗೆ ಬಂದು ಅಕ್ಕ ನೀರು ಕೊಟ್ಟಾಗ ಬಂಗಾರಿ ಲೋಟ ಹಿಡಿದುಕೊಂಡೇ, "ಬಂಗಾರಿ ಅಂತ ಇಟ್ವಿ ಅಂದಿದ್ದೆ" ಎಂದಳು.

"ಆಮೇಲೆ ಬದಲಾಯಿಸಿದ್ರು."

"ಯಾರು?"

"ಯಾರೋ. ಅಲ್ಲಿ ತುಂಬ ಜನ ಇದಾರೆ."

"ಅವ್ರಿಗೆ ಬೈಬೇಕು ನಾನು."

"ಹೂಂ. ಬೈಯೋಣ."

ಎರಡನೇ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂದಿತ್ತು. ಆದರೆ ಬಂಗಾರಿ ಬಿಡುವವಳಲ್ಲ. ದಿನಾ ಬೆಳಗ್ಗೆ ಅಕ್ಕ ಹೊರಡುವಾಗ, "ನಾನೂ ಬರ್ತೀನಿ, ಬೈಬೇಕು" ಎಂದು ಚಪ್ಪಲಿ ಹಾಕಿಕೊಂಡು ನಿಲ್ಲುತ್ತಿದ್ದಳು. ಕುಲಾವಿಯನ್ನು ಮನೆಯೊಳಗೂ ತೆಗೆಯಲಿಲ್ಲ, ಮಲಗುವಾಗಲೂ ತೆಗೆಯಲಿಲ್ಲ. ಟೈಲರಮ್ಮ ಒಂದು ಸಂಜೆ ಬಂದು ಮೆಲ್ಲಗೆ, "ಏನಾಯ್ತು ಇವ್ಳಿಗೆ? ಗುಂಡಿ ಡಬ್ಬಿ ಮುಟ್ತಿಲ್ಲ. ನನ್ನ ಮುಂದೇನೂ ತಲೆ ಮುಚ್ಕೊಂಡೇ ಕೂರ್ತಾಳೆ" ಎಂದಳು.

ಹತ್ತನೇ ದಿನ ಅವಳು ಮೇಷ್ಟ್ರ ಕೋಣೆಗೆ ಹೋಗಿ ಬಾಗಿಲು ಹಾಕಿ ಎಲ್ಲವನ್ನೂ ಹೇಳಿದಳು. ಶಾಲೆಯ ಗೇಟಿನಿಂದ ಹಿಡಿದು ಡಾಕ್ಟರಮ್ಮನ ಕೋಣೆಯವರೆಗೆ. ಹೇಳಿ, "ಹೆಸರು ಬದಲಾಯಿಸಕ್ಕಾಗುತ್ತಾ ಸರ್?" ಎಂದು ಕೇಳಿದಳು.

ಮೇಷ್ಟ್ರು ಬಹಳ ಹೊತ್ತು ಕನ್ನಡಕ ಒರೆಸಿದರು. "ಈಗ ಅದು ನಮ್ಮ ಕೈಲಿಲ್ಲ ಅಕ್ಕ. ನೂರಾರು ಲೇಖನ ಬಂದಿದೆ. ಆಸ್ಪತ್ರೆಗಳ ಪಟ್ಟೀಲೆಲ್ಲ ಸೇರಿಹೋಗಿದೆ. ಬದಲಾಯಿಸಿದ್ರೆ ರೋಗಿಗಳ ಕಾಗದವೇ ಅದಲುಬದಲಾಗುತ್ತೆ ಅಂತ ಯಾರೂ ಒಪ್ಪಲ್ಲ." ನೋವಿನಿಂದಲೇ ಅಂದರು, "ಒಂದು ವಾರ ಇತ್ತಲ್ಲ ಅಕ್ಕ. ಸುಮ್ನೆ ಒರೆಸಿಬಿಟ್ಟಿದ್ರೆ ಆಗ್ತಿತ್ತು. ಯಾಕೆ ಅಂತ ಒಬ್ರೂ ಕೇಳ್ತಿರ್ಲಿಲ್ಲ."

"ಗೊತ್ತು ಸರ್" ಎಂದಳು ಅವಳು. ಭಾನುವಾರ ತಂಗಿಯನ್ನು ಕರೆತರಲು ಅಪ್ಪಣೆ ಕೇಳಿ ಎದ್ದುಬಂದಳು.

ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ ಅವಳು ಆ ಫೋಟೋದ ಮುಂದೆ ನಿಂತಳು. ಮೊಳೆಯಿಂದ ತೆಗೆದು ಬೀರುವಿನಲ್ಲಿ ಇಡುವುದು ಒಂದು ನಿಮಿಷದ ಕೆಲಸ. ಕೈ ಚಾಚಿದಳು, ಕಟ್ಟಿನ ಮೇಲಿನ ಧೂಳು ಒರೆಸಿ ಹಾಗೆಯೇ ಬಿಟ್ಟು ಮನೆಗೆ ಹೊರಟಳು. ಅವಳ ಜೀವಮಾನದ ಧೈರ್ಯ ಒಟ್ಟು ಅಷ್ಟು.

ಭಾನುವಾರ ಬಂಗಾರಿ ಬೈಯುವುದಕ್ಕೆಂದೇ ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದಳು. ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಅಕ್ಕ ಮೊದಲು ಅವಳನ್ನು ಸೀಸೆಗಳ ಕೋಣೆಗೆ ಕರೆದೊಯ್ದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಬಂಗಾರಿ ಒಂದು ಕಣ್ಣು ಮುಚ್ಚಿ ನೋಡಿದಳು. ಗಾಜಿನ ಮೇಲೆ ಎರಡು ಮಿದುಳು ಪಕ್ಕಪಕ್ಕ, ಒಂದು ದೊಡ್ಡದು, ಒಂದು ಚಿಕ್ಕದು.

"ಈ ಜೀನು ಸರಿಯಾಗಿದ್ರೆ ಇಷ್ಟು ದೊಡ್ಡದಾಗುತ್ತೆ, ನೋಡು" ಎಂದಳು ಅಕ್ಕ.

"ದೊಡ್ಡದು ಮಾಡುತ್ತಾ ಅದು? ಮತ್ತೆ ಅದ್ಕೆ ಯಾಕೆ ಆ ಹೆಸ್ರು?"

"ಇಲ್ಲಿ ಹಾಗೇ. ಕೆಟ್ಟಾಗ ಏನಾಯ್ತೋ ಅದನ್ನೇ ಹೆಸರಿಡೋದು."

ಬಂಗಾರಿ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, "ಇಟ್ಟೋರು ಎಲ್ಲಿದಾರೆ? ಕರಿ" ಎಂದಳು.

ನೊಣದಕ್ಕ ಅವಳ ಕೈ ಹಿಡಿದು ಹೊರಗೆ ಕರೆತಂದು ಗೋಡೆಯ ಫೋಟೋದ ಮುಂದೆ ನಿಲ್ಲಿಸಿದಳು. ಬಂಗಾರಿ ಫೋಟೋ ನೋಡಿ ಮೊದಲು ನಕ್ಕಳು. "ಇದು ನೀನು!" ಎಂದಳು. ಆಮೇಲೆ ಬೆರಳು ಗಾಜಿನ ಮೇಲೆ ಸರಿಯುತ್ತಾ ಹಲಗೆಯ ಕಡೆ ಹೋಯಿತು. ಅವಳಿಗೆ ಓದಲು ಬರುತ್ತಿದ್ದ ಮೂರಕ್ಷರ ಅಲ್ಲಿದ್ದವು. ಒಂದೊಂದನ್ನೇ ಮುಟ್ಟಿದಳು. "ಸಾ. ಸಿ. ವೆ."

"ಇಟ್ಟಿದ್ದು ನಾನೇ ಬಂಗಾರಿ" ಎಂದಳು ನೊಣದಕ್ಕ. "ಬೇರೆ ಯಾರೂ ಅಲ್ಲ. ನನ್ನ ಬಾಯಿಂದಾನೇ ಬಂತು. ನಿನಗೆ ಸುಳ್ಳು ಹೇಳ್ದೆ. ಬೈಯಿ, ಎಷ್ಟು ಬೇಕೋ ಅಷ್ಟು ಬೈಯಿ."

ಬಂಗಾರಿ ಬೈಯಲಿಲ್ಲ. ಇಷ್ಟು ದಿನದಿಂದ ಜೋಡಿಸಿಟ್ಟುಕೊಂಡ ಬೈಗುಳವೆಲ್ಲ ಮರೆತುಹೋದವಳ ಹಾಗೆ ನಿಂತಳು. ಫೋಟೋದಲ್ಲಿ ನಗುತ್ತಿದ್ದ ಅಕ್ಕನನ್ನೇ ನೋಡುತ್ತಿದ್ದಳು. ಗುಂಡಿ ಆರಿಸುವಾಗ ಒಂದೊಂದನ್ನೂ ತಿರುಗಿಸಿ ನೋಡುತ್ತಾಳಲ್ಲ, 'ಒಂದೂ ತಪ್ಪೋದಿಲ್ಲ' ಎಂದು ಟೈಲರಮ್ಮ ಹೊಗಳುತ್ತಾಳಲ್ಲ, ಹಾಗೆ ಮುಖ, ಸೀರೆ, ತೋಳು ಎಂದು ಬೆರಳಿಟ್ಟು ನೋಡುತ್ತಾ ಬಂದಳು. ಬೆರಳು ಕೈಯ ಹತ್ತಿರ ಬಂದು ನಿಂತಿತು.

"ಕೈಲಿ ಒರೆಸೋ ಬಟ್ಟೆ ಇದ್ಯಲ್ಲ" ಎಂದಳು.

ಒರೆಸಿದವರನ್ನು ಯಾಕೆಂದು ಕೇಳಬಾರದು ಎಂದು ಆ ಪ್ರಯೋಗಾಲಯದಲ್ಲಿ ನಿಯಮವಿತ್ತು. ಒರೆಸದವರನ್ನು ಕೇಳಬಾರದು ಎಂದು ಯಾರೂ ನಿಯಮ ಮಾಡಿರಲಿಲ್ಲ.

ಬಂಗಾರಿ ಫೋಟೋದಿಂದ ಕೈ ತೆಗೆದು, ಕುಲಾವಿಯನ್ನು ಇನ್ನೊಂದಿಷ್ಟು ಕೆಳಗೆಳೆದುಕೊಂಡು, ಬಾಗಿಲಿನ ಕಡೆ ತಿರುಗಿದಳು.

"ಅಮ್ಮ ಆಗಿದ್ರೆ ಒರೆಸ್ತಿದ್ಲು" ಎಂದಳು.